ಮಾರಿದ ಕತೆ ಮರಳಿ ಬರುವುದೇ?

ವಿದ್ಯಾರ್ಥಿಗಳೇ, ನಮ್ಮ ಶಾಲೆಯ ಪುಸ್ತಕಭಂಡಾರದಿಂದ ಯಾವುದಾದರೊಂದು ಕನ್ನಡ ಪುಸ್ತಕವನ್ನು ತೆಗೆದು, ಮೊದಲ ಹಾಳೆಯ ಹಿಂಬದಿಯನ್ನು ನೋಡಿರಿ. ಮುದ್ರಣದ ವರ್ಷ, ಬೆಲೆ, ಮುದ್ರಣಾಲಯದ ಹೆಸರು ಇವುಗಳ ನಡುವೆ 'ಹಕ್ಕುಗಳು: ಲೇಖಕರವು' ಎಂದೋ 'ಹಕ್ಕುಗಳು: ಪ್ರಕಾಶಕರವು' ಎಂದೋ ಒಂದು ಚಿಕ್ಕ ಸಾಲು ಇರುತ್ತದೆ. ಕತೆ ಓದುವ ಅವಸರದಲ್ಲಿ ನಾವು ಅದನ್ನು ಗಮನಿಸುವುದಿಲ್ಲ. ಬರೆದವನ ಬಾಳಿನಲ್ಲಿ ಮಾತ್ರ ಆ ಸಾಲಿನ ಬೆಲೆ ದೊಡ್ಡದು. ಹಕ್ಕು ಒಮ್ಮೆ ಪೂರ್ತಿಯಾಗಿ ಕೈಬಿಟ್ಟುಹೋದರೆ, ಆ ಪುಸ್ತಕ ನೂರು ಸಲ ಅಚ್ಚಾದರೂ, ಅದರಿಂದ ಸಿನಿಮಾ ತಯಾರಾದರೂ, ಕರಾರಿನಲ್ಲಿ ಬರೆದುದಕ್ಕಿಂತ ಹೆಚ್ಚನ್ನು ಕೇಳಲು ಅವನಿಗೆ ಸಾಮಾನ್ಯವಾಗಿ ದಾರಿ ಇರುವುದಿಲ್ಲ.

ಜಮೀನನ್ನು ಕ್ರಯಪತ್ರ ಮಾಡಿಕೊಟ್ಟವನು ಮೂವತ್ತೈದು ವರ್ಷಗಳ ಅನಂತರ ಹೋಗಿ, 'ಇದು ನನ್ನದು, ಹಿಂದಕ್ಕೆ ಕೊಡಿ' ಎಂದರೆ ಯಾರೂ ಕೊಡುವುದಿಲ್ಲ. ಆದರೆ ಅಮೇರಿಕಾ ಸಂಯುಕ್ತ ಸಂಸ್ಥಾನದ ಕಾನೂನು ಬರಹಗಾರನಿಗೆ ಇಂಥದೊಂದು ದಾರಿಯನ್ನು ತೆರೆದಿಟ್ಟಿದೆ. ಆ ದಾರಿಯಲ್ಲಿ ಬರಹಗಾರರನ್ನೂ ಅವರ ಹೆಂಡಿರು ಮಕ್ಕಳನ್ನೂ ನಡೆಸಿಕೊಂಡು ಹೋದ ವಕೀಲರಲ್ಲಿ ಕ್ಯಾಲಿಫೋರ್ನಿಯದ ಮಾರ್ಕ್ ಟೊಬೆರಾಫ್ ಹೆಸರಾದವರು. ಅವರು ನಡೆಸಿದ ಕೆಲವು ಮೊಕದ್ದಮೆಗಳ ಮೂಲಕ ಈ ಕಾನೂನಿನ ಪರಿಚಯ ಮಾಡಿಕೊಳ್ಳೋಣ.

ಶಾಲೆಯ ಗೆಳೆಯರಿಬ್ಬರು

ಕ್ಲೀವ್‌ಲೆಂಡ್ ನಗರದ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರಿದ್ದರು. ಇಬ್ಬರೂ 1914ರಲ್ಲಿ ಹುಟ್ಟಿದವರು. ಸೀಗೆಲ್ ಶಾಲೆಯ ಪತ್ರಿಕೆಗೆ ಬರೆಯುತ್ತಿದ್ದ. ಶುಸ್ಟರ್ ಚಿತ್ರ ಬಿಡಿಸುತ್ತಿದ್ದ. ನಮ್ಮ ಈ ವಾರ್ಷಿಕ ಸಂಚಿಕೆಗೆ ಬರೆಯುವ, ಚಿತ್ರ ಬಿಡಿಸುವ ಮಕ್ಕಳಂತೆಯೇ ಎನ್ನಿರಿ. ಇವರಿಬ್ಬರೂ ಸೇರಿ ಕಲ್ಪಿಸಿದ ವೀರನೇ ಸೂಪರ್‌ಮ್ಯಾನ್.

ಹಲವು ವರ್ಷ ಆ ಕತೆಯನ್ನು ಯಾರೂ ಕೊಳ್ಳಲಿಲ್ಲ. ಕೊನೆಗೆ 1938ರ ಮಾರ್ಚಿಯಲ್ಲಿ ಡಿಟೆಕ್ಟಿವ್ ಕಾಮಿಕ್ಸ್ ಎಂಬ ಸಂಸ್ಥೆ ಒಪ್ಪಿಕೊಂಡಿತು. ಪುಟಕ್ಕೆ 10 ಡಾಲರಿನಂತೆ 13 ಪುಟಗಳಿಗೆ 130 ಡಾಲರ್. ಆ ಹಣಕ್ಕೆ ಇಬ್ಬರೂ ಕತೆಯನ್ನಷ್ಟೇ ಅಲ್ಲದೆ ಸೂಪರ್‌ಮ್ಯಾನನ ಸಕಲ ಹಕ್ಕುಗಳನ್ನೂ ಬರೆದುಕೊಟ್ಟರು. ಅವನು ಮನೆಮಾತಾದ. ಪತ್ರಿಕೆ, ರೇಡಿಯೋ, ಸಿನಿಮಾ, ಆಟಿಕೆ ಎಲ್ಲೆಲ್ಲಿಯೂ ಅವನೇ. 1947ರಲ್ಲಿ ಗೆಳೆಯರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಸುಮಾರು 94,000 ಡಾಲರಿಗೆ ರಾಜಿಯಾಯಿತು. ಹಕ್ಕು ಮಾತ್ರ ಸಂಸ್ಥೆಯ ಬಳಿಯಲ್ಲೇ ಉಳಿಯಿತು. ಕಾಲಕ್ರಮದಲ್ಲಿ ಶುಸ್ಟರ್ ಅವರ ಕಣ್ಣು ಮಂದವಾಯಿತು, ಸೀಗೆಲ್ ಬಡತನ ಅನುಭವಿಸಿದರು. 1975ರಲ್ಲಿ ಸೀಗೆಲ್ ತಮ್ಮ ಕಷ್ಟವನ್ನು ಸಾರ್ವಜನಿಕರ ಮುಂದಿಟ್ಟ ಮೇಲೆ, ಸಂಸ್ಥೆಯನ್ನು ಕೊಂಡಿದ್ದ ವಾರ್ನರ್ ಕಂಪೆನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಕೊಡಲು ಒಪ್ಪಿ, ಅವರ ಹೆಸರನ್ನು ಅಚ್ಚು ಹಾಕಲು ಪ್ರಾರಂಭಿಸಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಂಸ್ಥೆ ಮೋಸ ಮಾಡಿತೇ? ರುಜು ಹಾಕಿಸಿಕೊಂಡು, ಒಪ್ಪಿದ ಹಣ ಕೊಟ್ಟು ಕೊಂಡದ್ದು ನಿಜ. ಆದರೆ ಕತೆಯೊಂದು ಮುಂದೆ ಎಷ್ಟು ಬೆಲೆ ಬಾಳೀತು ಎಂಬುದು ಮಾರುವ ದಿನ ಬರೆದವನಿಗೂ ತಿಳಿಯದು, ಕೊಂಡವನಿಗೂ ತಿಳಿಯದು. ಜಮೀನಿನ ಬೆಲೆಯನ್ನು ನೆರೆಯ ಜಮೀನು ನೋಡಿ ಹೇಳಬಹುದು. ಕತೆಗೆ ಅಂಥ ನೆರೆಹೊರೆ ಇಲ್ಲ. ಅದರಲ್ಲೂ ಹೊಸ ಬರಹಗಾರನಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಈ ಕಾನೂನಿನ ಬುಡದಲ್ಲಿರುವ ವಿಚಾರ ಇದೇ.

ಕಾನೂನು ಕೊಟ್ಟ ಎರಡನೆಯ ಅವಕಾಶ

ಅಮೇರಿಕದ 1909ರ ಕಾನೂನಿನಂತೆ ಕೃತಿಸ್ವಾಮ್ಯದ ಅವಧಿ 28 ವರ್ಷ. ಅದನ್ನು ನವೀಕರಿಸಿದರೆ ಇನ್ನೂ 28 ವರ್ಷ, ಒಟ್ಟು 56. ಎರಡನೆಯ ಅವಧಿ ಬರೆದವನಿಗೆ ಸಲ್ಲಲಿ ಎಂಬುದು ಉದ್ದೇಶವಾಗಿತ್ತು. ಆದರೆ ಎರಡನೆಯ ಅವಧಿಯನ್ನೂ ಮುಂಗಡವಾಗಿ ಮಾರಬಹುದೆಂದು 1943ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿಗೆ ಆ ಅವಕಾಶದಲ್ಲಿ ಹುರುಳು ಉಳಿಯಲಿಲ್ಲ. ಮೊದಲ ಕಾಗದದಲ್ಲೇ ಎರಡನ್ನೂ ಬರೆಸಿಕೊಂಡರೆ ಮುಗಿಯಿತು.

ಇದನ್ನು ಸರಿಪಡಿಸಲೆಂದು 1976ರಲ್ಲಿ ಹೊಸ ಕಾನೂನು ಬಂದಿತು. 1978ರ ಜನವರಿ 1ರಿಂದ ಜಾರಿಯಾಯಿತು. ಅದರ ಮುಖ್ಯಾಂಶಗಳು ಇವು:

1. 1978ರಿಂದ ಈಚೆಗೆ ಲೇಖಕನು ತಾನೇ ಬರೆದುಕೊಟ್ಟ ಹಕ್ಕನ್ನು ಸಾಮಾನ್ಯವಾಗಿ 35 ವರ್ಷಗಳ ಅನಂತರ ಹಿಂದಕ್ಕೆ ಪಡೆಯಬಹುದು.

2. 1978ಕ್ಕೆ ಮುಂಚೆ ಕೊಟ್ಟದ್ದಾದರೆ, ಕೃತಿಸ್ವಾಮ್ಯ ಹುಟ್ಟಿದ 56 ವರ್ಷಗಳ ಅನಂತರ ಪಡೆಯಬಹುದು. ಲೇಖಕ ತೀರಿಹೋಗಿದ್ದರೆ ಹೆಂಡತಿ ಮಕ್ಕಳು ಕೇಳಬಹುದು.

3. ಈ ಬಾಗಿಲು ಐದು ವರ್ಷ ಮಾತ್ರ ತೆರೆದಿರುತ್ತದೆ. ಹಕ್ಕು ಮರಳಬೇಕಾದ ದಿನಕ್ಕೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 10 ವರ್ಷ ಮುಂಚೆ ಲಿಖಿತ ನೋಟೀಸು ಕೊಡಬೇಕು.

4. 'ಎಂದೂ ಹಿಂದಕ್ಕೆ ಕೇಳುವುದಿಲ್ಲ' ಎಂದು ಮೊದಲೇ ಬರೆದುಕೊಟ್ಟಿದ್ದರೂ ಆ ಮಾತು ನಿಲ್ಲುವುದಿಲ್ಲ.

5. ಸಂಬಳದ ನೌಕರನಾಗಿ ಸಂಸ್ಥೆಗೆಂದೇ ಬರೆದದ್ದಕ್ಕೆ ಈ ಅವಕಾಶವಿಲ್ಲ. ಆಗ ಕಾನೂನಿನ ದೃಷ್ಟಿಯಲ್ಲಿ ಸಂಸ್ಥೆಯೇ ಲೇಖಕ.

6. ಮರಳುವುದು ಅಮೇರಿಕದೊಳಗಿನ ಹಕ್ಕು ಮಾತ್ರ. ಆ ಮೊದಲೇ ತಯಾರಾದ ಸಿನಿಮಾಗಳನ್ನು ಸಂಸ್ಥೆ ತೋರಿಸುತ್ತಲೇ ಇರಬಹುದು. ಹೊಸದನ್ನು ಮಾಡುವಾಗ ಅನುಮತಿ ಬೇಕು.

ಸೂಪರ್‌ಮ್ಯಾನನ ಲೆಕ್ಕವನ್ನು ನೀವೇ ಮಾಡಿ ನೋಡಿರಿ. 1938ಕ್ಕೆ 56 ಕೂಡಿಸಿದರೆ 1994. ಐದು ವರ್ಷದ ಬಾಗಿಲು ಮುಚ್ಚುವುದು 1999ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, ಎಂದರೆ 1997ರೊಳಗೆ, ನೋಟೀಸು ಮುಟ್ಟಬೇಕು. ಸೀಗೆಲ್ 1996ರಲ್ಲಿ ತೀರಿಕೊಂಡರು. ಅವರ ಪತ್ನಿ ಜೊಆನ್ ಮತ್ತು ಮಗಳು ಲಾರಾ 1997ರ ಏಪ್ರಿಲಿನಲ್ಲಿ ನೋಟೀಸು ಕೊಟ್ಟರು. ಇಷ್ಟಾದರೂ, ಮೊದಲ ಸಂಚಿಕೆ ಹೊರಬರುವ ಮುನ್ನ ಅಚ್ಚಾಗಿದ್ದ ಕೆಲವು ಜಾಹೀರಾತು ಚಿತ್ರಗಳು ಕೆಲವೇ ದಿನಗಳ ಅಂತರದಿಂದ ನೋಟೀಸಿನ ವ್ಯಾಪ್ತಿಗೆ ಬಾರದೆ ಹೋದವು. ಕಾನೂನಿನಲ್ಲಿ ಒಂದೊಂದು ದಿನಕ್ಕೂ ಲೆಕ್ಕವಿದೆ.

ಒಂದು ಪತ್ರ ಮಾಡಿದ ಕೆಲಸ

ಟೊಬೆರಾಫ್ ಅವರು ಸೀಗೆಲ್ ಕುಟುಂಬದ ವಕೀಲರಾಗಿ 2004ರಲ್ಲಿ ಮೊಕದ್ದಮೆ ಹೂಡಿದರು. 2008ರ ಮಾರ್ಚಿಯಲ್ಲಿ ಜಿಲ್ಲಾ ನ್ಯಾಯಾಲಯವು, ಮೊದಲ ಸಂಚಿಕೆಯಲ್ಲಿನ ಸೂಪರ್‌ಮ್ಯಾನ್ ಕತೆಯ ಅರ್ಧ ಹಕ್ಕು ಸೀಗೆಲ್ ಕುಟುಂಬಕ್ಕೆ ಮರಳಿದೆ ಎಂದು ಹೇಳಿತು. ಎಪ್ಪತ್ತು ವರ್ಷಗಳ ಅನಂತರ ಬಂದ ಜಯ ಅದು.

ಆದರೆ ಅದು ಉಳಿಯಲಿಲ್ಲ. ಟೊಬೆರಾಫ್ ಬರುವುದಕ್ಕೆ ಮುಂಚೆ, 2001ರ ಅಕ್ಟೋಬರಿನಲ್ಲಿ, ಕುಟುಂಬದ ಹಿಂದಿನ ವಕೀಲರು ಸಂಸ್ಥೆಯ ಜೊತೆ ಮಾತುಕತೆ ನಡೆಸಿ, 'ನಿಮ್ಮ ಷರತ್ತುಗಳಿಗೆ ನಮ್ಮವರು ಒಪ್ಪಿದ್ದಾರೆ' ಎಂಬ ಅರ್ಥದ ಪತ್ರ ಬರೆದಿದ್ದರು. ಅನಂತರ ಸಂಸ್ಥೆ ಕಳುಹಿಸಿದ ದೀರ್ಘ ಕರಾರು ಕುಟುಂಬಕ್ಕೆ ಒಪ್ಪಿಗೆಯಾಗಲಿಲ್ಲ. ಅವರು ರುಜು ಹಾಕಲಿಲ್ಲ. ಆದರೂ 2013ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು, ಆ ಪತ್ರವೇ ಪೂರ್ಣ ಒಪ್ಪಂದವೆಂದು ತೀರ್ಮಾನಿಸಿತು. ಶುಸ್ಟರ್ ಅವರ ವಾರಸುದಾರರ ಬೇಡಿಕೆಯೂ ಅದೇ ವರ್ಷ ಬಿದ್ದುಹೋಯಿತು. 1992ರಲ್ಲಿ ಶುಸ್ಟರ್ ತೀರಿಕೊಂಡ ಮೇಲೆ ಅವರ ತಂಗಿ ಸಂಸ್ಥೆಯಿಂದ ವರ್ಷಾಶನ ಪಡೆಯಲು ಹಾಕಿದ್ದ ರುಜುವೇ ಅದಕ್ಕೆ ಕಾರಣವಾಯಿತು.

ಈ ಜಗಳದ ಇನ್ನೊಂದು ಮುಖವನ್ನೂ ಹೇಳಬೇಕು. ಟೊಬೆರಾಫ್ ಚಿತ್ರನಿರ್ಮಾಣದಲ್ಲಿಯೂ ಕೈಯಾಡಿಸಿದವರು. ಅವರು ಬರಿಯ ವಕೀಲರಲ್ಲ, ತಮ್ಮ ಕಂಪೆನಿಗಳ ಮೂಲಕ ಹಕ್ಕಿನಲ್ಲಿ ಪಾಲು ಕೇಳುವವರು ಎಂದು ದೂರಿ ಸೂಪರ್‌ಮ್ಯಾನ್ ಸಂಸ್ಥೆ 2010ರಲ್ಲಿ ಅವರ ಮೇಲೆಯೇ ದಾವೆ ಹಾಕಿತು. ಹಸ್ತಕ್ಷೇಪದ ಆ ದೂರುಗಳು ಕಾಲಮಿತಿ ಮೀರಿವೆಯೆಂದು 2013ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ದೊಡ್ಡ ಸಂಸ್ಥೆಗಳನ್ನು ಎದುರು ಹಾಕಿಕೊಂಡ ವಕೀಲನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ.

ನೌಕರನೋ, ಲೇಖಕನೋ?

'ಲ್ಯಾಸಿ' ಎಂಬ ನಾಯಿಯ ಕತೆ ಬರೆದ ಎರಿಕ್ ನೈಟ್ 1943ರಲ್ಲಿ ವಿಮಾನ ಅಪಘಾತದಲ್ಲಿ ಮಡಿದರು. ಅವರ ಮಗಳು 1978ರಲ್ಲಿ ಚಿತ್ರದ ಹಕ್ಕುಗಳ ಬಗ್ಗೆ ಇನ್ನೊಂದು ಕಾಗದಕ್ಕೆ ರುಜು ಹಾಕಿದ್ದರು. ಅದರಿಂದ ಅವರ ಅವಕಾಶ ಮುಗಿಯಿತೆಂದು ಸಂಸ್ಥೆ ವಾದಿಸಿತು. ಟೊಬೆರಾಫ್ ಮಗಳ ಪರ ನಿಂತರು. ಹಿಂದಕ್ಕೆ ಪಡೆಯುವ ಹಕ್ಕನ್ನು ಆ ಕಾಗದ ಕಿತ್ತುಕೊಳ್ಳಲಾರದೆಂದು 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಜ್ಯಾಕ್ ಕರ್ಬಿ ಎಂಬ ಚಿತ್ರಕಾರರು ಮಾರ್ವೆಲ್ ಸಂಸ್ಥೆಗಾಗಿ ಮನೆಯಲ್ಲೇ ಕುಳಿತು, ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ವೀರರ ಚಿತ್ರಕತೆಗಳನ್ನು ಬಿಡಿಸಿದವರು. ಅವರ ಮಕ್ಕಳು 2009ರಲ್ಲಿ ನೋಟೀಸು ಕೊಟ್ಟರು. ಹಳೆಯ ಕಾನೂನಿನಂತೆ ಅದು ಸಂಸ್ಥೆಯ ಬೇಡಿಕೆಯಂತೆ, ಸಂಸ್ಥೆಯ ಖರ್ಚಿನಲ್ಲಿ ಆದ ಕೆಲಸವೆಂದು 2011ರಲ್ಲಿಯೂ 2013ರಲ್ಲಿಯೂ ನ್ಯಾಯಾಲಯಗಳು ಸಂಸ್ಥೆಯ ಪರವಾಗಿ ತೀರ್ಪಿತ್ತವು. ಟೊಬೆರಾಫ್ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಆ ಅರ್ಜಿಯನ್ನು ನ್ಯಾಯಮೂರ್ತಿಗಳು ಪರಿಶೀಲಿಸಲು ಕೆಲವೇ ದಿನಗಳಿರುವಾಗ, 2014ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಕುಟುಂಬದೊಡನೆ ರಾಜಿ ಮಾಡಿಕೊಂಡಿತು. ಸೋತ ಮೊಕದ್ದಮೆಯೂ ಕೆಲವೊಮ್ಮೆ ಬರಿಗೈಯಲ್ಲಿ ಕಳುಹಿಸುವುದಿಲ್ಲ.

ಪೂರ್ಣ ಗೆಲುವು ಬಂದದ್ದು ವಿಕ್ಟರ್ ಮಿಲ್ಲರ್ ಎಂಬ ಚಿತ್ರಕಥೆಗಾರರಿಗೆ. 1980ರಲ್ಲಿ ತೆರೆಕಂಡ 'ಫ್ರೈಡೇ ದಿ ಥರ್ಟೀನ್ತ್' ಎಂಬ ಭಯಾನಕ ಚಿತ್ರದ ಕಥೆಯನ್ನು ಅವರು 1979ರಲ್ಲಿ ಒಂಬತ್ತು ಸಾವಿರ ಡಾಲರಿಗಿಂತ ಸ್ವಲ್ಪ ಹೆಚ್ಚಿನ ಮೊತ್ತಕ್ಕೆ ಬರೆದುಕೊಟ್ಟಿದ್ದರು. ಅದರಿಂದ ಚಿತ್ರಗಳ ಸಾಲೇ ಬಂದಿತು. 2016ರಲ್ಲಿ ಮಿಲ್ಲರ್ ನೋಟೀಸು ಕೊಟ್ಟರು. 'ಇವರು ಬರಹಗಾರರ ಕಾರ್ಮಿಕ ಸಂಘದ ಸದಸ್ಯರು. ಕಾರ್ಮಿಕರೆಂದ ಮೇಲೆ ನಮ್ಮ ನೌಕರರೇ' ಎಂದು ಸಂಸ್ಥೆ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಸಂಘ ಕಟ್ಟಿಕೊಂಡು ಕೂಲಿಯ ದರಕ್ಕೆ ಹೋರಾಡುವುದು ಒಂದು ವಿಷಯ. ಕೃತಿಸ್ವಾಮ್ಯದ ಕಾನೂನಿನಂತೆ ನೌಕರನಾಗುವುದು ಬೇರೆಯೇ ವಿಷಯ. ನೌಕರರಿಗೆ ಸಿಗುವ ಸೌಲಭ್ಯಗಳೇನನ್ನೂ ಕೊಡದೆ, ಒಂದೇ ಕೆಲಸಕ್ಕೆ ಕರೆದು, ಒಟ್ಟು ಮೊತ್ತ ಕೊಟ್ಟು ಬರೆಸಿಕೊಂಡವರನ್ನು ನೌಕರರೆನ್ನಲಾಗದು. 2018ರಲ್ಲಿ ಜಿಲ್ಲಾ ನ್ಯಾಯಾಲಯವೂ 2021ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಮಿಲ್ಲರ್ ಅವರ ಪರವಾಗಿ ತೀರ್ಪಿತ್ತವು.

ನಮ್ಮ ದೇಶದಲ್ಲಿ

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಇದೆ. ಲೇಖಕನ ಜೀವಮಾನ ಮತ್ತು ಅವನ ಮರಣದ ಅನಂತರ 60 ವರ್ಷ ಹಕ್ಕು ಉಳಿಯುತ್ತದೆ. 35 ವರ್ಷಕ್ಕೆ ಹಿಂದಕ್ಕೆ ಪಡೆಯುವ ಅಮೇರಿಕದ ಪದ್ಧತಿ ನಮ್ಮಲ್ಲಿಲ್ಲ. ಆದರೆ ಬೇರೆ ರಕ್ಷಣೆಗಳಿವೆ. ಹಕ್ಕನ್ನು ಬಾಯಿಮಾತಿನಲ್ಲಿ ಕೊಡಲಾಗದು. ಬರವಣಿಗೆ ಮತ್ತು ರುಜು ಬೇಕು. ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಯಾವ ದೇಶಕ್ಕೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯಬೇಕು. ಕರಾರಿನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ, ಕೊಂಡವನು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೆ ಹೋದಾಗ ಅದು ಕೈತಪ್ಪುತ್ತದೆ.

ಚಿತ್ರಗೀತೆಗಳ ವಿಷಯದಲ್ಲಿ 1977ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ನಿರ್ಮಾಪಕರ ಪರವಾಗಿತ್ತು. 2012ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅದಕ್ಕಾಗಿ ದನಿಯೆತ್ತಿದವರಲ್ಲಿ ಕವಿ, ಆಗ ರಾಜ್ಯಸಭಾ ಸದಸ್ಯರಾಗಿದ್ದ ಜಾವೇದ್ ಅಖ್ತರ್ ಒಬ್ಬರು. ಅಂದಿನಿಂದ ಚಿತ್ರಕ್ಕೆ ಬರೆದವರೂ ರಾಗ ಹಾಕಿದವರೂ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟರೂ ಅದು ಊರ್ಜಿತವಲ್ಲ.

ಕಲಿಯಬೇಕಾದುದು

ಕಾನೂನು ಎರಡನೆಯ ಅವಕಾಶ ಕೊಟ್ಟೀತು; ಆದರೆ ಅದು ತಾನಾಗಿ ಮನೆಬಾಗಿಲಿಗೆ ಬಾರದು. ತಾರೀಕು ಲೆಕ್ಕ ಹಾಕಿ ಕೇಳಬೇಕು, ಹಳೆಯ ಕಾಗದ ಕೈಯಲ್ಲಿರಬೇಕು, ಅದನ್ನು ಓದಿ ಅರ್ಥ ಹೇಳುವವರು ಬೇಕು. ಟೊಬೆರಾಫ್ ಅವರಂಥವರ ವೃತ್ತಿ ಎಂದರೆ ಬಹುಪಾಲು ಇದೇ: ಹಳೆಯ ಕಾಗದಗಳ ಓದು. ಸೀಗೆಲ್ ಕುಟುಂಬ ಗೆದ್ದದ್ದು ಒಂದು ಕಾಗದದಿಂದ, ಸೋತದ್ದು ಇನ್ನೊಂದು ಕಾಗದದಿಂದ.

ಆದುದರಿಂದ ಮಕ್ಕಳೇ, ಮುಂದೆ ನೀವು ಕತೆ ಬರೆಯಿರಿ, ಹಾಡು ಕಟ್ಟಿರಿ, ಚಿತ್ರ ಬಿಡಿಸಿರಿ. ಯಾರಾದರೂ ಮೆಚ್ಚಿ ಕೇಳಿದರೆ ಸಂತೋಷಪಡಿರಿ. ರುಜು ಹಾಕುವ ಮೊದಲು ಮಾತ್ರ ಮೂರು ಪ್ರಶ್ನೆ ಕೇಳಿರಿ: ಏನನ್ನು ಕೊಡುತ್ತಿದ್ದೇನೆ? ಎಷ್ಟು ಕಾಲಕ್ಕೆ? ಇದರಿಂದ ಮುಂದೆ ಲಾಭ ಬಂದರೆ ನನ್ನ ಪಾಲೇನು? ಹೆತ್ತವರಲ್ಲಿ ನಮ್ಮ ಬಿನ್ನಹವೂ ಇಷ್ಟೇ. ಜಮೀನಿನ ಪತ್ರಗಳನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುವಂತೆ, ಮನೆಯಲ್ಲಿ ಬರೆಯುವವರಿದ್ದರೆ ಅವರು ರುಜು ಹಾಕಿದ ಪ್ರತಿಯೊಂದು ಕಾಗದದ ಒಂದು ನಕಲನ್ನೂ ಅದೇ ಪೆಟ್ಟಿಗೆಯಲ್ಲಿಡಿರಿ.