‘ಗೌಪ್ಯತೆ’ ಮತ್ತು ‘ಖಾಸಗಿತನ’: ಮೊಬೈಲ್ ಯುಗದ ಒಂದು ಪದವಿಚಾರ

‘ಪ್ರೈವಸಿ’ ಎಂಬ ಪರಿಕಲ್ಪನೆಗೆ ಕನ್ನಡದಲ್ಲಿ ಇಂದು ಎರಡು ಪದಗಳು ಬಳಕೆಯಲ್ಲಿವೆ. ಪತ್ರಿಕೆಗಳು ಸಾಮಾನ್ಯವಾಗಿ ‘ಖಾಸಗಿತನ’ ಎನ್ನುತ್ತವೆ. ಮೊಬೈಲ್ ತಂತ್ರಾಂಶಗಳ ಕನ್ನಡ ಆವೃತ್ತಿಗಳಲ್ಲಿ ‘ಗೌಪ್ಯತೆ’ಯೇ ಹೆಚ್ಚು. ಇವೆರಡನ್ನೂ ಸಮಾನಾರ್ಥಕಗಳೆಂದು ಭಾವಿಸುವುದು ರೂಢಿಯಾಗಿದೆ. ಈ ರೂಢಿಯನ್ನು ಪರಿಶೀಲನೆಗೆ ಒಳಪಡಿಸುವ ಕಾಲ ಬಂದಿದೆ.

‘ಗುಪ್’ ಧಾತುವಿಗೆ ಕಾಪಾಡು ಎಂಬುದೇ ಮೊದಲ ಅರ್ಥವಾದರೂ ಕನ್ನಡದ ವ್ಯವಹಾರದಲ್ಲಿ ಗೌಪ್ಯವೆಂದರೆ ಮುಚ್ಚಿಟ್ಟದ್ದು. ಸಚಿವರು ಸ್ವೀಕರಿಸುವುದು ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣವಚನವನ್ನು. ಅಲ್ಲಿ ಅದು ಹಕ್ಕಲ್ಲ, ಕರ್ತವ್ಯ. ‘ಖಾಸಗಿ’ಯ ಚರಿತ್ರೆ ಬೇರೆ. ಅರಬ್ಬೀ ಮೂಲದ ಈ ಪದ ಮರಾಠಾ ಆಡಳಿತದಲ್ಲಿ ಅರಸುಮನೆತನದ ಸ್ವಂತ ಆಸ್ತಿ, ಬೊಕ್ಕಸಗಳನ್ನು ಸೂಚಿಸುತ್ತಿತ್ತು. ಅದರಲ್ಲಿ ಒಡೆತನದ ಭಾವವಿದೆಯೇ ಹೊರತು ಅಡಗಿಸುವ ಭಾವವಿಲ್ಲ. ‘ಬಚ್ಚಿಡಲು ಏನೂ ಇಲ್ಲದವನಿಗೆ ಇದೆಲ್ಲ ಏಕೆ?’ ಎಂಬ ಆಕ್ಷೇಪ ಮೊದಲನೆಯ ಪದದಿಂದ ಸಲೀಸಾಗಿ ಹುಟ್ಟುತ್ತದೆ, ಎರಡನೆಯದರಿಂದ ಹುಟ್ಟುವುದಿಲ್ಲ.

ಇದು ನಿಘಂಟಿನೊಳಗೆ ಮುಗಿಯುವ ಚರ್ಚೆಯಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯ ಫಲವಾಗಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸಮ್ಮತಿ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಇರಬೇಕೆಂದು ವಿಧಿಸಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಎಂದರೆ, ಕನ್ನಡದ ಪದವೊಂದನ್ನು ಓದಿ ಒಪ್ಪಿಗೆ ಒತ್ತುವುದೇ ಇನ್ನು ಕಾನೂನುಬದ್ಧ ಸಮ್ಮತಿಯಾಗಲಿದೆ.

ಆ ಸಮ್ಮತಿಯ ಪರಿಣಾಮವನ್ನು ಅರಿಯಲು ಮಹಾನಗರಕ್ಕಿಂತ ಮಲೆನಾಡಿನ ಊರೊಂದನ್ನು ಗಮನಿಸುವುದು ಲೇಸು. ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ, ಹುಲಿಕಲ್ ಘಾಟಿಯ ಸಮೀಪದ್ದು. ವಾರಾಹಿ ಜಲವಿದ್ಯುತ್ ಯೋಜನೆಯೊಂದಿಗೆ ಹೆಸರು ಸೇರಿಸಿಕೊಂಡದ್ದು. ಈ ಸೀಮೆಯ ಅನೇಕ ಮನೆಗಳು ತೋಟ, ಕಾಡುಗಳ ನಡುವೆ ಒಂಟೊಂಟಿಯಾಗಿವೆ. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ರಾತ್ರಿ ತಂಗಿದ ಮೊಬೈಲಿನ ಸ್ಥಾನವಿವರ ನೂರಾರು ಜನರಲ್ಲಿ ಯಾರದೋ ಒಬ್ಬರದು. ಇಲ್ಲಿಯ ಒಂಟಿಮನೆಯಲ್ಲಿ ತಂಗಿದ ಮೊಬೈಲಿನದಾದರೋ, ಹೆಸರು ಅಳಿಸಿದರೂ ಆ ಮನೆಯದೇ. ಹದಿನೈದು ಲಕ್ಷ ಜನರ ಮೊಬೈಲ್ ಸಂಚಾರವನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊತ್ತು ಮತ್ತು ಸ್ಥಳ ತಿಳಿಸುವ ನಾಲ್ಕೇ ಬಿಂದುಗಳಿಂದ ಶೇ. 95 ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ತೋರಿಸಿತು. ತೋಟಕ್ಕೆ, ಸೊಸೈಟಿಗೆ, ಆಸ್ಪತ್ರೆಗೆ ಹೋಗಿಬರುವುದರಲ್ಲಿ ಗೌಪ್ಯವಾದದ್ದು ಏನೂ ಇಲ್ಲ. ನೆರೆಯವರಿಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಜಗಲಿಯಲ್ಲಿ ಕುಳಿತವರಿಗೆ ತಿಳಿದಿರುವುದು ಬೇರೆ, ಅದೇ ಸಂಗತಿ ಅಪರಿಚಿತ ಸಂಸ್ಥೆಯ ದಾಖಲೆಯಾಗಿ ಮಾರಾಟಕ್ಕೆ ಒದಗುವುದು ಬೇರೆ. ಜಗಲಿ, ನಡುಮನೆ, ಒಳಮನೆ ಎಂದು ಪ್ರವೇಶದ ಹಂತಗಳನ್ನು ನಿಗದಿಮಾಡಿಕೊಂಡ ಮಲೆನಾಡಿನ ಗೃಹರಚನೆಗೆ ಈ ಭೇದ ಹೊಸತಲ್ಲ. ಯಾರು ಎಲ್ಲಿಯವರೆಗೆ ಬರಬಹುದೆಂದು ತೀರ್ಮಾನಿಸುವುದು ಮನೆಯವರು. ಖಾಸಗಿತನದ ತಿರುಳು ಇದೇ.

ಮೊಬೈಲಿನ ಮುಂದಿನ ದಾರಿ ಧ್ವನಿಯದು. ಅಕ್ಷರ ಒತ್ತುವ ಬದಲು ಮಾತಿನಲ್ಲೇ ಕೆಲಸ ಹೇಳುವ ವ್ಯವಸ್ಥೆ ಕನ್ನಡಕ್ಕೂ ಬಂದಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಿಂದ ಇದೇ ದಿಕ್ಕಿನಲ್ಲಿ ಸಾಗಿದೆ. ಓದುಬರಹ ತಿಳಿಯದವರಿಗೆ ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾತು ಬರಿಯ ಆಜ್ಞೆಯಲ್ಲ. ಸಾಗರ, ಹೊಸನಗರಗಳಲ್ಲಿ ಹವ್ಯಕ ಕನ್ನಡ ಒಂದು ಬಗೆ, ದೀವರ ಮಾತು ಇನ್ನೊಂದು ಬಗೆ. ಆಡಿದ ನಾಲ್ಕು ಮಾತುಗಳಲ್ಲೇ ಆಡಿದವರ ಸೀಮೆ, ಸಮುದಾಯಗಳ ಸುಳಿವು ಸಿಗುತ್ತದೆಂಬುದನ್ನು ಕನ್ನಡದ ಉಪಭಾಷಾ ಅಧ್ಯಯನಗಳೇ ಸ್ಥಾಪಿಸಿವೆ. ವಿದ್ವಾಂಸರ ಕಿವಿ ಮಾಡುತ್ತಿದ್ದುದನ್ನು ಯಂತ್ರ ಮಾಡಬಲ್ಲುದಾದರೆ, ಜಾತಿಯನ್ನು ಯಾರೂ ಕೇಳದೆಯೇ ಸಾಲದ ಅರ್ಜಿಯಲ್ಲಿ ಅದು ಪರಿಗಣನೆಗೆ ಬರುವ ಸಾಧ್ಯತೆಯಿದೆ. ಧ್ವನಿಯನ್ನು ಹೊರಗಿನ ಗಣಕಕ್ಕೆ ಕಳುಹಿಸದೆ ಮೊಬೈಲಿನೊಳಗೇ ಸಂಸ್ಕರಿಸುವ ತಂತ್ರ ಈ ಅಪಾಯವನ್ನು ತಗ್ಗಿಸುತ್ತದೆ. ಆದರೆ ಅದು ಎಲ್ಲ ತಂತ್ರಾಂಶಗಳ ಕ್ರಮವಾಗಿಲ್ಲ.

ಕನ್ನಡ ವಿಭಾಗಗಳೂ ಈ ಪ್ರಶ್ನೆಯಿಂದ ಹೊರಗಿಲ್ಲ. ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಹಾಡು, ಕಥೆ, ಸಂಭಾಷಣೆಗಳು ವಕ್ತೃಗಳ ಹೆಸರು, ಊರು, ಜಾತಿಗಳೊಡನೆ ಸಂಗ್ರಹದಲ್ಲಿರುವುದು ವಾಡಿಕೆ. ವ್ಯಕ್ತಿವಿಶೇಷದ ಬಗ್ಗೆ ನಿರ್ಣಯ ಕೈಗೊಳ್ಳಲು ಬಳಸದಿದ್ದಲ್ಲಿ ಮತ್ತು ನಿಗದಿತ ಮಾನದಂಡಗಳನ್ನು ಪಾಲಿಸಿದಲ್ಲಿ, ಸಂಶೋಧನೆಗೆ 2023ರ ಅಧಿನಿಯಮ ವಿನಾಯಿತಿ ನೀಡುತ್ತದೆ. ಹಾಡಿದ ಅಜ್ಜಿಯ ಒಪ್ಪಿಗೆ ಮಾತ್ರ ಆ ದಿನದ, ಆ ಕೇಳುಗರಿಗೆ ಸಂಬಂಧಿಸಿದ್ದು. ಅದೇ ಧ್ವನಿಮುದ್ರಿಕೆಯನ್ನು ಯಂತ್ರಕ್ಕೆ ಕನ್ನಡ ಕಲಿಸಲು ಕೊಡುವಾಗ ಅವರ ಮನೆಯ ಜಗಲಿಗೆ ಮತ್ತೊಮ್ಮೆ ಹೋಗಿ ಕೇಳಬೇಕಾಗುತ್ತದೆ; ಅವರಿಲ್ಲವಾದಲ್ಲಿ ಮಕ್ಕಳನ್ನು.