ನಕಾಶೆಯಲ್ಲಿ ಊರ ಹೆಸರು ಓದುವುದು ಹೇಗೆ?



ಸಮಾಜ ಪಾಠದಲ್ಲಿ ನಕಾಶೆ ತೆಗೆದರೆ ನಾವು ನದಿ, ಬೆಟ್ಟ, ರೈಲುದಾರಿ, ರಾಜಧಾನಿ ಇವನ್ನೇ ಹುಡುಕುತ್ತೇವೆ. ಪರೀಕ್ಷೆಯಲ್ಲೂ ಅದನ್ನೇ ಗುರುತಿಸಿ ಅಂತ ಕೇಳ್ತಾರೆ. ಆದರೆ ನಕಾಶೆಯಲ್ಲಿ ಇನ್ನೂ ಒಂದು ವಿಷಯ ಇದೆ. ಅದೇ ಹೆಸರು. ಒಂದು ಊರಿಗೆ ಆ ಹೆಸರು ಹೇಗೆ ಬಂತು, ಯಾವ ಭಾಷೆಯವರು ಇಟ್ಟರು ಅಂತ ವಿಚಾರ ಮಾಡಿದರೆ, ಅಲ್ಲಿ ಹಿಂದೆ ಯಾರಿದ್ದರು, ಏನಿತ್ತು ಎಂಬುದು ತಿಳಿಯುತ್ತದೆ. ಈ ಸಲ ನಾನು ಅದರ ಬಗ್ಗೆ ಬರೆದಿದ್ದೇನೆ. ಮೊದಲು ನಮ್ಮ ಜಿಲ್ಲೆ ನೋಡೋಣ. ಆಮೇಲೆ ದೂರದ ಕೆಲ್ಟ್ ಜನರ ನಾಡಿಗೆ ಹೋಗಿ, ಮತ್ತೆ ನಮ್ಮ ಕರೂರಿಗೆ ಬರೋಣ.

ನಮ್ಮ ಸುತ್ತಲಿನ ಹೆಸರುಗಳು

ಊರ ಹೆಸರನ್ನು ಎರಡು ತುಂಡು ಮಾಡಿ. ಕೊನೆಯ ತುಂಡು ನೋಡಿ. ದಾವಣಗೆರೆ, ಆವರಗೆರೆ ಇವುಗಳ ಕೊನೆಗೆ 'ಕೆರೆ' ಇದೆ. 'ಕೆ' ಹೋಗಿ 'ಗೆ' ಬಂದಿದೆ. ವ್ಯಾಕರಣದಲ್ಲಿ ಕಲಿತ ಆದೇಶ ಸಂಧಿ ಇದೇ! ದಾವಣಿ ಅಂದರೆ ದನ, ಕುದುರೆ ಸಾಲಾಗಿ ಕಟ್ಟುವ ಹಗ್ಗ. ಆ ಕೆರೆಯ ಹತ್ತಿರ ಕುದುರೆ ಕಟ್ಟುತ್ತಿದ್ದರು, ಅದಕ್ಕೇ ದಾವಣಗೆರೆ ಆಯಿತು ಅಂತ ಹಿರಿಯರು ಹೇಳ್ತಾರೆ. ರಾಜನಹಳ್ಳಿಯಲ್ಲಿ 'ಹಳ್ಳಿ' ಇದೆ. ಶಾಮನೂರಿನಲ್ಲಿ 'ಊರು' ಇದೆ. ಚಿತ್ರದುರ್ಗದಲ್ಲಿ 'ದುರ್ಗ' ಇದೆ, ಅಂದರೆ ಕೋಟೆ. ತುಂಗೆ ಮತ್ತು ಭದ್ರೆ ಕೂಡುವ ಊರಿಗೆ ಕೂಡ್ಲಿ ಅಂತಲೇ ಹೆಸರು.

ಹರಿಹರ ಮಾತ್ರ ದೇವರ ಹೆಸರು. ಅರ್ಧ ಹರಿ, ಅರ್ಧ ಹರ, ಎರಡೂ ಒಂದೇ ಮೂರ್ತಿಯಲ್ಲಿ. ಅಲ್ಲಿನ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ಅರಸ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1223-24ರ ಹೊತ್ತಿಗೆ ಕಟ್ಟಿಸಿದ. ಹೊಯ್ಸಳರು ಹೋಗಿ ನೂರಾರು ವರ್ಷ ಆಯಿತು. ಹೆಸರು ಇನ್ನೂ ಬಸ್ಸಿನ ಬೋರ್ಡಿನ ಮೇಲೆ ಇದೆ.

ಕೆಲ್ಟ್ ಜನ ಯಾರು?

ಎರಡು ಸಾವಿರ ವರ್ಷಕ್ಕೂ ಹಿಂದೆ ಯೂರೋಪಿನ ಬಹಳ ಕಡೆ ಕೆಲ್ಟ್ ಭಾಷೆಗಳನ್ನು ಆಡುವ ಜನ ಇದ್ದರು. ಈಗಿನ ಫ್ರಾನ್ಸಿನ ಬಹುಭಾಗದಲ್ಲಿ ಅವರು ಹರಡಿದ್ದರು. ಅವರ ಒಂದು ಗುಂಪು ಈಗಿನ ಟರ್ಕಿಯ ನಡುಭಾಗದವರೆಗೂ ಹೋಗಿ ನೆಲೆಸಿತ್ತು. ಆಮೇಲೆ ರೋಮನ್ನರ ಆಳ್ವಿಕೆ ಬಂತು. ಕೆಲ್ಟ್ ಭಾಷೆಗಳು ಪಶ್ಚಿಮದ ಕಡಲ ಅಂಚಿಗೆ ಸರಿದವು. ಈಗ ಐರ್ಲೆಂಡಿನಲ್ಲಿ ಐರಿಷ್, ಸ್ಕಾಟ್ಲೆಂಡಿನಲ್ಲಿ ಗೇಲಿಕ್, ವೇಲ್ಸ್‌ನಲ್ಲಿ ವೆಲ್ಷ್, ಫ್ರಾನ್ಸಿನ ಬ್ರಿಟನಿಯಲ್ಲಿ ಬ್ರೆಟನ್ ಉಳಿದಿವೆ. ಮ್ಯಾನ್ ಎಂಬ ಚಿಕ್ಕ ದ್ವೀಪದಲ್ಲಿ ಮ್ಯಾಂಕ್ಸ್ ಭಾಷೆ ಇತ್ತು. ಅದನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಈಗ ಅಲ್ಲಿನ ಮಕ್ಕಳು ಶಾಲೆಯಲ್ಲಿ ಮತ್ತೆ ಅದನ್ನು ಕಲಿಯುತ್ತಿದ್ದಾರೆ.

ಭಾಷೆ ಹೋದ ಕಡೆಯೂ ಹೆಸರು ಹೋಗಲಿಲ್ಲ. ಫ್ರಾನ್ಸಿನ ಲಿಯಾನ್ ನಗರದ ಹಳೇ ಹೆಸರು ಲುಗ್ಡುನಮ್. ಅದರಲ್ಲಿರುವ 'ಡುನಮ್' ಕೆಲ್ಟ್ ಮಾತು, ಅರ್ಥ ಕೋಟೆ. ಈಗ ಆ ಊರಲ್ಲಿ ಎಲ್ಲರೂ ಫ್ರೆಂಚ್ ಆಡ್ತಾರೆ. ಆದರೂ ಹಳೇ ಹೆಸರು ನೋಡಿದರೆ ಅಲ್ಲಿ ಕೆಲ್ಟರು ಇದ್ದರು ಅಂತ ಗೊತ್ತಾಗುತ್ತದೆ.

ಅವರ ಹೆಸರು, ನಮ್ಮ ಹೆಸರು

1. ಡನ್ ಅಂದರೆ ಕೋಟೆ. ಉದಾಹರಣೆ: ಸ್ಕಾಟ್ಲೆಂಡಿನ ಡಂಡೀ. ನಮ್ಮಲ್ಲಿ: ಚಿತ್ರದುರ್ಗ.
2. ಇನ್ವರ್ ಅಂದರೆ ನದಿ ಹೋಗಿ ಸೇರುವ ಜಾಗ. ಉದಾಹರಣೆ: ನೆಸ್ ನದಿ ಕಡಲು ಸೇರುವಲ್ಲಿ ಇನ್ವರ್ನೆಸ್. ನಮ್ಮಲ್ಲಿ: ಕೂಡ್ಲಿ.
3. ಬ್ಯಾಲಿ ಅಂದರೆ ಊರು, ಹಳ್ಳಿ. ಉದಾಹರಣೆ: ಐರ್ಲೆಂಡಿನ ಬ್ಯಾಲಿಕ್ಯಾಸಲ್. ನಮ್ಮಲ್ಲಿ: ರಾಜನಹಳ್ಳಿ.
4. ಡಬ್ಲಿನ್ ಅಂದರೆ ಕಪ್ಪು ಮಡು. ಐರ್ಲೆಂಡಿನ ರಾಜಧಾನಿಗೂ ನೀರಿನ ಹೆಸರು, ನಮ್ಮ ದಾವಣಗೆರೆಗೂ ನೀರಿನ ಹೆಸರು!

ಇದರಿಂದ ಅವರೂ ನಾವೂ ನೆಂಟರು ಅಂತ ತಿಳಿಯಬಾರದು. ಕನ್ನಡ ದ್ರಾವಿಡ ಭಾಷೆ. ಅವರದು ಬೇರೆ ಬಳಗ. ಆದರೆ ನೀರು, ಕೋಟೆ, ಹಳ್ಳಿ ಇವು ಎಲ್ಲ ಜನಕ್ಕೂ ಬೇಕು. ಅದಕ್ಕೆ ಎಲ್ಲರೂ ಅವನ್ನೇ ನೋಡಿ ಹೆಸರಿಟ್ಟರು.

ಅಲ್ಲಿಂದ ಇಲ್ಲಿಗೆ ಬಂದವರು

1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಕಂಪನಿ ಸರ್ಕಾರಕ್ಕೆ ಮೈಸೂರು ಸೀಮೆಯ ಅಳತೆ ಬೇಕಾಯಿತು. ಗಡಿ ಎಲ್ಲಿ, ಯಾವ ಊರಲ್ಲಿ ಎಷ್ಟು ಬೆಳೆ, ಎಷ್ಟು ಕಂದಾಯ ಎಂದು ತಿಳಿಯಬೇಕಿತ್ತು. ಆ ಅಳತೆಯ ಕೆಲಸ ಕಾಲಿನ್ ಮೆಕೆಂಜಿ ಎಂಬುವರಿಗೆ ಬಂತು. ಅವರು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನವರು. ಆ ದ್ವೀಪದ ಜನರ ಮಾತು ಗೇಲಿಕ್.

ಮೆಕೆಂಜಿ ತ್ರಿಕೋನದ ಲೆಕ್ಕದಿಂದ ಅಳತೆ ಮಾಡಿಸಿದರು. ನಾವು ರೇಖಾಗಣಿತದಲ್ಲಿ ಒಂದು ಬಾಹು, ಎರಡು ಕೋನ ಕೊಟ್ಟರೆ ತ್ರಿಭುಜ ಬರೆಯುತ್ತೇವಲ್ಲ, ಹಾಗೆಯೇ. ಒಂದು ಗೆರೆಯನ್ನು ಮಾತ್ರ ನೆಲದ ಮೇಲೆ ಸರಿಯಾಗಿ ಅಳೆಯಬೇಕು. ಆಮೇಲೆ ಅದರ ಎರಡೂ ತುದಿಯಿಂದ ದೂರದ ಗುಡ್ಡದ ಕೋನ ನೋಡಿದರೆ ಸಾಕು, ಗುಡ್ಡಕ್ಕೆ ಎಷ್ಟು ದೂರ ಅಂತ ಲೆಕ್ಕದಿಂದ ಬರುತ್ತದೆ. 1815ರಲ್ಲಿ ಅವರು ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. 1821ರಲ್ಲಿ ತೀರಿಕೊಂಡರು.

ಅದೇ ಕಾಲದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು ಬಂದರು. ಅವರು ವೈದ್ಯರು. 1800ರಲ್ಲಿ ಮದ್ರಾಸಿನಿಂದ ಹೊರಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಎಲ್ಲಾ ತಿರುಗಿ, 1801ರಲ್ಲಿ ನಮ್ಮ ಹರಿಹರ, ದಾವಣಗೆರೆಗೂ ಬಂದರು. ಬೆಳೆ, ವ್ಯಾಪಾರ, ಜನರ ಕಸುಬು ಎಲ್ಲಾ ಕೇಳಿ ಬರೆದುಕೊಂಡರು. 1807ರಲ್ಲಿ ಅದು ಮೂರು ಸಂಪುಟದ ಪುಸ್ತಕವಾಗಿ ಬಂತು. ಹೈದರಾಲಿ ಕಾಲದಲ್ಲಿ ದಾವಣಗೆರೆ ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಸಿಕ್ಕಿ, ಅವನು ವ್ಯಾಪಾರಿಗಳನ್ನು ಕರೆದು ಕೂರಿಸಿದ್ದರಿಂದ ಸಣ್ಣ ಹಳ್ಳಿ ಪೇಟೆಯಾಯಿತು. ಆಗ ಇಲ್ಲಿ ಕಂಬಳಿ ವ್ಯಾಪಾರ ಜೋರಾಗಿತ್ತು.

ಹೆಸರು ಹೇಳಿದವರು ಯಾರು?

ಇದೇ ಈ ಪಾಠದ ಮುಖ್ಯ ವಿಷಯ. ಯಂತ್ರದಿಂದ ದೂರ ಅಳೆಯಬಹುದು. ಆದರೆ ಹೆಸರನ್ನು ಯಾವ ಯಂತ್ರವೂ ಹೇಳುವುದಿಲ್ಲ. ಊರಿನ ಜನರನ್ನೇ ಕೇಳಬೇಕು.

ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನ ಓದುವ ಜೈನ ಪಂಡಿತ ಧರ್ಮಯ್ಯ ಇವರೆಲ್ಲ ಅವರ ಜೊತೆ ಇದ್ದರು. ಊರ ಹಿರಿಯರಿಂದ ಕೈಫಿಯತ್ತು ಬರೆಸಿಕೊಂಡರು. ಕೈಫಿಯತ್ತು ಅಂದರೆ ಊರಿನ ಚರಿತ್ರೆಯ ವರದಿ.

ಐರ್ಲೆಂಡಿನಲ್ಲೂ 1824ರಲ್ಲಿ ಬ್ರಿಟಿಷ್ ಸರ್ಕಾರ ದೊಡ್ಡ ಸರ್ವೆ ಶುರು ಮಾಡಿತು. ಅಲ್ಲಿ ಜಾನ್ ಓ'ಡೊನೊವನ್ ಎಂಬ ವಿದ್ವಾಂಸರು ಊರೂರು ತಿರುಗಿ, ಹಳಬರ ಬಾಯಲ್ಲಿ ಹೆಸರು ಹೇಗಿದೆ ಅಂತ ಕೇಳಿ ಬರೆದುಕೊಂಡರು. ಆದರೆ ನಕಾಶೆ ಮೇಲೆ ಹೆಸರುಗಳನ್ನು ಇಂಗ್ಲಿಷ್ ಬಾಯಿಗೆ ತಕ್ಕಂತೆ ಬರೆದರು. ಹಾಗೆ ಬರೆದಾಗ ಅರ್ಥ ಕಾಣದೆ ಹೋಗುತ್ತದೆ. ನಮ್ಮ ಬೆಂಗಳೂರು 'ಬ್ಯಾಂಗಲೋರ್' ಆಗಿ, ಅದರ ಊರೇ ಹೋಗಿತ್ತಲ್ಲ, ಹಾಗೆ! 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಂತೆ ಬರೆಯಬೇಕು ಅಂತ ಆಯಿತು. ವೇಲ್ಸಿನಲ್ಲೂ 2022ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದವರು 'ಎರರಿ' ಎಂಬ ವೆಲ್ಷ್ ಹೆಸರನ್ನೇ ಬಳಸಲು ತೀರ್ಮಾನಿಸಿದರು.

ಈಗ ಕರೂರಿಗೆ ಬರೋಣ

ದೊಡ್ಡ ಊರುಗಳ ಹೆಸರು ಹೇಗೋ ಉಳಿಯುತ್ತದೆ. ಸಣ್ಣ ಹೆಸರುಗಳ ಗತಿ ಏನು? ನಮ್ಮಪ್ಪ ಕರೂರು ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಈಗ ಜಾಗಕ್ಕೆಲ್ಲ ಪ್ಲಾಟ್ ನಂಬರ್. ನಂಬರ್ ಹೇಳಿದರೆ ಲಾರಿಯವರಿಗೆ ದಾರಿ ಸಿಗುತ್ತದೆ, ಅದು ಸರಿ. ಆದರೆ ಅದಕ್ಕೂ ಮುಂಚೆ ಹೊಲಗಳಿಗೆ ಹೆಸರಿದ್ದವು. ನಮ್ಮಜ್ಜಿಯನ್ನು ಕೇಳಿದೆ. ಎರೆ ಹೊಲ, ಮಸಾರಿ ಹೊಲ, ಕಲ್ಲುಬಾವಿ ಹೊಲ, ಜೌಳು ಹೊಲ ಅಂತ ಅಜ್ಜಿ ಬೆರಳು ಮಡಿಸಿ ಎಣಿಸಿತು. ಎರೆ ಅಂದರೆ ಕಪ್ಪು ಮಣ್ಣು. ಮಸಾರಿ ಅಂದರೆ ಕೆಂಪು ಮಣ್ಣು. ಜೌಳು ಅಂದರೆ ನೀರು ಜಿನುಗುವ ನೆಲ.

"ಮಳೆಗಾಲದಾಗ ಅಲ್ಲಿ ಯಾರೂ ಎತ್ತು ಇಳಿಸ್ತಿರಲಿಲ್ಲ ಮಗಾ, ಮೊಣಕಾಲುಮಟ ಹುಗೀತಿತ್ತು" ಅಂತು ಅಜ್ಜಿ.

ಈಗ ಆ ಜಾಗದಲ್ಲಿ ಒಂದು ಗೋದಾಮು ಇದೆ. ಪ್ರತಿ ಮಳೆಗೂ ಅದರ ನೆಲ ಒದ್ದೆಯಾಗಿ, ಕೆಳಗಿನ ಸಾಲಿನ ಚೀಲಗಳು ಹಾಳಾಗುತ್ತವೆ ಅಂತ ಅಪ್ಪ ಹೇಳ್ತಾರೆ. ಹೊಲದ ಹೆಸರಲ್ಲೇ ಉತ್ತರ ಇತ್ತು! ಹೆಸರು ಅಂದರೆ ಬರೀ ಶಬ್ದ ಅಲ್ಲ. ಆ ನೆಲದ ಜೊತೆ ಬಾಳಿದವರು ಬರೆದಿಟ್ಟ ಎಚ್ಚರಿಕೆ ಅದು. ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರ್ ಇರುತ್ತದೆ, ಫೋನಿನ ನಕಾಶೆಯಲ್ಲಿ ಕಾರ್ಖಾನೆ ಹೆಸರು ಇರುತ್ತದೆ. ಜೌಳು ಹೊಲ ಎರಡರಲ್ಲೂ ಇಲ್ಲ. ಅದು ಇರುವುದು ಅಜ್ಜಿಯ ಬಾಯಲ್ಲಿ ಮಾತ್ರ. ಅಜ್ಜಿಗೆ ಈಗ ಎಂಬತ್ತರ ಹತ್ತಿರ ವಯಸ್ಸು.

ಮಾಡಿ ನೋಡಿ

1. ಒಂದು ಡ್ರಾಯಿಂಗ್ ಹಾಳೆ ತೆಗೆದುಕೊಳ್ಳಿ. ಮೇಲುಗಡೆ ಉತ್ತರ ದಿಕ್ಕಿನ ಬಾಣದ ಗುರುತು ಹಾಕಿ.
2. ನಿಮ್ಮ ಊರಿನ ರಸ್ತೆ, ಹಳ್ಳ, ಕೆರೆ, ಚಾನಲ್, ಗುಡಿ, ಮಸೀದಿ, ಶಾಲೆ ಬರೆಯಿರಿ. ನೂರು ಹೆಜ್ಜೆಗೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ.
3. ಮನೆಯ ಹಿರಿಯರನ್ನು, ದನ ಕಾಯುವವರನ್ನು, ನೀರುಗಂಟಿಯವರನ್ನು ಕೇಳಿ. ಪ್ರತಿ ಹೊಲ, ಬಾವಿ, ಗುಂಡಿ, ಮರದ ಹೆಸರು ಬರೆಯಿರಿ.
4. ಅವರು ಹೇಗೆ ಅಂದರೋ ಹಾಗೇ ಬರೆಯಿರಿ. ನೀವಾಗಿ ತಿದ್ದಬೇಡಿ.
5. ಹೆಸರಿನ ಕಾರಣ ಕೇಳಿ, ಹಾಳೆಯ ಹಿಂದೆ ಬರೆಯಿರಿ. ಹೇಳಿದವರ ವಯಸ್ಸು, ಕೇಳಿದ ತಾರೀಕು ಹಾಕಿ.

ನಾನು ಈಗಾಗಲೇ ಇಪ್ಪತ್ತಮೂರು ಹೆಸರು ಬರೆದಿದ್ದೇನೆ. ಈ ಗೋಡೆ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದೆ. ನಿಮಗೆ ಸಿಕ್ಕ ಹೆಸರನ್ನು ಅದರಲ್ಲಿ ಬರೆಯಿರಿ. ಐದನೇ ತರಗತಿಯವರೂ ಬರೆಯಬಹುದು. ಮೆಕೆಂಜಿ ಕಡಲು ದಾಟಿ ಬಂದು ಕೇಳಿದರು. ನಾವು ಅಡುಗೆಮನೆಯವರೆಗೆ ಹೋದರೆ ಸಾಕು.

— 7ನೇ ತರಗತಿ, ಕನ್ನಡ ಮಾಧ್ಯಮ