ಪಾರ್ಶ್ವವಾಯುವಿನ ತರುವಾಯ ನಡುವಿಗೂ ಉಸಿರಿಗೂ ಸಾಧನೆ

ಪಾರ್ಶ್ವವಾಯು ಬಡಿದವನ ಕೈಕಾಲುಗಳನ್ನೇ ನಾವೆಲ್ಲರೂ ನೋಡುತ್ತೇವೆ. ಅವನ ನಡುವನ್ನು ನೋಡುವವರು ಕಡಿಮೆ. ಮಿದುಳಿನ ರಕ್ತನಾಳವು ಮುಚ್ಚಿದರೂ ಒಡೆದರೂ ಹೊಟ್ಟೆಬೆನ್ನುಗಳ ಸ್ನಾಯುಗಳು ಸಹ ಬಲಗುಂದಬಹುದು. ಕಂಬ ಅಲ್ಲಾಡಿದರೆ ಮಾಡು ನಿಲ್ಲುವದೋ? ಹಾಗೆಯೇ ನಡು ನಿಲ್ಲದೆ ಕಾಲು ನಡೆಯಲಾರದು.

ಎದೆಗೂ ಹೊಟ್ಟೆಗೂ ಮಧ್ಯದಲ್ಲಿರುವ ವಪೆಯು ಉಸಿರನ್ನು ಸೆಳೆಯುವದಲ್ಲದೆ ನಡುವನ್ನು ಬಿಗಿಹಿಡಿಯಲಿಕ್ಕೂ ನೆರವಾಗುತ್ತದೆ. ಅದು ಸೋತರೆ ಕೆಮ್ಮಿಗೆ ಬಲವಿರದು, ಕಫವು ನಿಲ್ಲುವದು. ಆದದರಿಂದ ಎರಡನ್ನೂ ಕೂಡಿಸಿ ಸಾಧಿಸತಕ್ಕದ್ದು.

ಒಂದನೆಯದು: ರೋಗಿಯು ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಟ್ಟೆಯ ಮೇಲಿಟ್ಟ ಕೈ ಏಳುವಂತೆ ಮೂಗಿನಿಂದ ಉಸಿರೆಳೆದು, ತುಟಿ ಕಿರಿದುಮಾಡಿ ಮೆಲ್ಲಗೆ ಬಿಡಲಿ.

ಎರಡನೆಯದು: ಹಾಗೆಯೇ ಮಲಗಿ, ಉಸಿರು ಬಿಡುತ್ತಾ ಸೊಂಟವನ್ನು ತುಸು ಎತ್ತಿ ಇಳಿಸಲಿ; ಸೋತ ಕಾಲನ್ನು ಮನೆಯವರು ಹಿಡಿಯಲಿ.

ಮೂರನೆಯದು: ಪಾದಗಳು ನೆಲಕ್ಕೆ ತಗಲುವಂತೆ ಮಂಚದ ಅಂಚಿನಲ್ಲಿ ಕುಳಿತು, ಮುಂದೆಯೂ ಪಕ್ಕಗಳಲ್ಲಿಯೂ ಇಟ್ಟ ಚೆಂಬಿಗೆ ಕೈಚಾಚಿ, ತಿರಿಗಿ ನೆಟ್ಟಗಾಗಲಿ. ಸೋತ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಉಸಿರು ಕಟ್ಟಬಾರದು, ರಕ್ತದೊತ್ತಡ ಏರುವದು. ಸೋತ ಕೈಯನ್ನು ಎಳೆದು ಎಬ್ಬಿಸಬಾರದು. ಭುಜದ ಕೀಲು ಕೆಡುವದು. ತಲೆಸುತ್ತು, ಎದೆನೋವು ಬಂದರೆ ಆಗಲೇ ನಿಲ್ಲಿಸತಕ್ಕದ್ದು.

ಅವಸರವೂ ಬೇಡ. 2,104 ರೋಗಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅವರ್ಟ್ ಎಂಬ ಶೋಧನೆಯಲ್ಲಿ, ಮೊದಲ 24 ತಾಸುಗಳೊಳಗೇ ಪದೇಪದೇ ಎಬ್ಬಿಸಲ್ಪಟ್ಟವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆಯಾದರು. ವೈದ್ಯರ ಅಪ್ಪಣೆಯಾದ ಮೇಲೆಯೇ ಆರಂಭಿಸೋಣ. ಆರಂಭಿಸಿದ ಮೇಲೆ ದಿನವೂ ಬಿಡದಿರೋಣ.

ಗುಣವಾಗುವದು ತಿಂಗಳುಗಳ ಕೆಲಸ. ಮಲಗಿದ್ದವನು ಯಾರ ಆಸರೆಯೂ ಇಲ್ಲದೆ ಕುಳಿತು ಒಂದು ತುತ್ತು ಉಂಡರೆ ಅದನ್ನು ಅಲ್ಪವೆಂದು ಎಣಿಸದಿರೋಣ. ನಡಿಗೆಯು ಅಲ್ಲಿಂದಲೇ ಆರಂಭವಾಗುತ್ತದೆ.